ಹೊಸ ಕರ್ನಲ್ ಕೈಕೊಟ್ಟಿತು, ಹಳೆಯದೂ ಏಳಲಿಲ್ಲ: ಒಂದು ಲ್ಯಾಬ್ ಕಂಪ್ಯೂಟರಿನ ಪ್ರಕರಣ

ಶುಕ್ರವಾರ ಸಂಜೆ ಏಳರ ಹೊತ್ತಿಗೆ ನನ್ನ ಚಿಕ್ಕಮ್ಮನ ಮಗ ಒಂದು ಫೋಟೋ ಕಳಿಸಿದ. ಕಪ್ಪು ಸ್ಕ್ರೀನು, ಬಿಳಿ ಅಕ್ಷರ. ಕೈ ನಡುಗಿ ಫೋಟೋ ಅಲುಗಾಡಿತ್ತು, ಆದರೂ ಕೊನೆಯ ಸಾಲು ಓದುವ ಹಾಗಿತ್ತು. ಕರ್ನಲ್ ಪ್ಯಾನಿಕ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಮುಂದೆ ಹೋಗಲಾಗದೆ ನಿಂತುಬಿಟ್ಟಿದೆ. ಸಿಸ್ಟಮ್ಮಿನ ಫೈಲ್‌ಗಳೆಲ್ಲ ಇರುವ ರೂಟ್ ಫೈಲ್‌ಸಿಸ್ಟಮ್ ಮೌಂಟ್ ಮಾಡಲು, ಅಂದರೆ ತೆರೆದು ಜೋಡಿಸಿಕೊಳ್ಳಲು, ಆಗುತ್ತಿಲ್ಲ, ಅನ್‌ನೋನ್ ಬ್ಲಾಕ್ (0,0). ಅದರ ಕೆಳಗೆ ಅವನ ಮೆಸೇಜು: "ಅಣ್ಣಾ, ಸೋಮವಾರ ಪ್ರಾಕ್ಟಿಕಲ್ ಇದೆ."

ಅವನು ತುಮಕೂರಿನ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾನೆ. ಅಲ್ಲಿ ಒಂದು ಸಣ್ಣ ಮೋಟರ್ ಇದೆ. ಅದಕ್ಕೆ ಕಂಪ್ಯೂಟರಿನಿಂದ ಪ್ರತಿ ಮಿಲಿಸೆಕೆಂಡಿಗೆ ಒಂದು ಸಲ ಸೂಚನೆ ಹೋಗಬೇಕು. ಮಾಮೂಲಿ ಲಿನಕ್ಸ್ ಕರ್ನಲ್ ಹೆಚ್ಚಿನ ಸಲ ಸರಿಯಾದ ಹೊತ್ತಿಗೇ ಕಳಿಸುತ್ತದೆ. ಆದರೆ ಡಿಸ್ಕಿನ ಕೆಲಸ, ನೆಟ್‌ವರ್ಕಿನ ಕೆಲಸ ಏನಾದರೂ ನಡುವೆ ಬಂದರೆ ಒಮ್ಮೊಮ್ಮೆ ತಡವಾಗುತ್ತದೆ. ತಡವಾದರೆ ಮೋಟರ್ ಜರ್ಕ್ ಹೊಡೆಯುತ್ತದೆ. ಇದಕ್ಕೆ ಔಷಧಿ ಪ್ರಿಎಂಪ್ಟ್ ಆರ್‌ಟಿ, ಅಂದರೆ ಹೇಳಿದ ಹೊತ್ತಿಗೆ ಕೆಲಸ ಮಾಡಿ ಮುಗಿಸುವ ರಿಯಲ್‌ಟೈಮ್ ಕರ್ನಲ್. ಸುಮಾರು 20 ವರ್ಷ ಇದು ಹೊರಗಿನ ಪ್ಯಾಚ್ ಆಗಿಯೇ ಇತ್ತು. 2024ರ ನವೆಂಬರ್‌ನಲ್ಲಿ ಬಂದ 6.12 ಆವೃತ್ತಿಯಿಂದ ಮುಖ್ಯ ಕರ್ನಲ್ಲಿನಲ್ಲೇ ಸಿಗುತ್ತಿದೆ.

ಆ ಮೆಷಿನ್‌ನಲ್ಲಿ ಇದ್ದದ್ದು ಡೆಬಿಯನ್ 12 ಎಂಬ ಲಿನಕ್ಸ್, ಅದರ ಜೊತೆ ಬಂದ 6.1 ಕರ್ನಲ್. ಡೆಬಿಯನ್‌ನಲ್ಲಿ ಆರ್‌ಟಿ ಕರ್ನಲ್‌ನ ಸಿದ್ಧ ಪ್ಯಾಕೇಜ್ ಕೂಡ ಇದೆ. ಬರೀ ಆರ್‌ಟಿ ಬೇಕಿದ್ದವರಿಗೆ ಅದೇ ಸಾಕು, ಮೊದಲು ಅದನ್ನೇ ಹಾಕಿ ನೋಡಿ. ಇವನಿಗೆ ಮಾತ್ರ ಇನ್ನೊಂದು ಆಸೆ ಇತ್ತು. ಒಂದು ಡ್ರೈವರಿನ ಕೋಡು ಬದಲಿಸಿ, ಬಿಲ್ಡ್ ಮಾಡಿ, ಬೂಟ್ ಮಾಡಿ ಮಕ್ಕಳಿಗೆ ತೋರಿಸಬೇಕು ಅಂತ. ಒಳ್ಳೆಯ ಆಸೆ. ಕರ್ನಲ್ ಅನ್ನೋದು ನಮ್ಮಂಥವರೂ ಬಿಚ್ಚಿ ನೋಡಬಹುದಾದ ವಸ್ತು ಅಂತ ಮಕ್ಕಳಿಗೆ ಗೊತ್ತಾಗಬೇಕು, ಅಲ್ವಾ? ಹಾಗಾಗಿ 6.12ರ ಸೋರ್ಸ್ ಇಳಿಸಿಕೊಂಡು, ಕರ್ನಲ್ಲಿನಲ್ಲಿ ಏನೇನು ಸೇರಬೇಕು ಅಂತ ಹೇಳುವ ಕಾನ್ಫಿಗ್ ಫೈಲನ್ನು ಹಳೆಯದರಿಂದಲೇ ಕಾಪಿ ಮಾಡಿಕೊಂಡು, ಆರ್‌ಟಿ ಆನ್ ಮಾಡಿ ಬಿಲ್ಡ್ ಮಾಡಿದ್ದ. ಬಿಲ್ಡ್ ಸರಾಗವಾಗಿ ಮುಗಿದಿತ್ತು. ಎಡವಿದ್ದು ಆಮೇಲೆ.

ಫೋಟೋದಲ್ಲಿ ಇದ್ದದ್ದು

ಪ್ಯಾನಿಕ್ ಆದ ಸ್ಕ್ರೀನ್ ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಆದರೆ ಅಷ್ಟು ವಿವರವಾಗಿ ತನ್ನ ಕಷ್ಟ ಹೇಳಿಕೊಳ್ಳುವ ಸಾಫ್ಟ್‌ವೇರ್ ಕಮ್ಮಿ. ಓದುವ ತಾಳ್ಮೆ ಬೇಕು ಅಷ್ಟೇ.

ಮೊದಲು ಆ (0,0). ಲಿನಕ್ಸ್‌ನಲ್ಲಿ ಪ್ರತಿ ಡಿಸ್ಕಿಗೂ ಪ್ರತಿ ಪಾರ್ಟಿಷನ್ನಿಗೂ ಎರಡು ನಂಬರ್ ಇರುತ್ತವೆ. ಮೊದಲನೆಯದು ಅದು ಯಾವ ಜಾತಿಯದು ಅಂತ ಹೇಳುತ್ತದೆ, ಎರಡನೆಯದು ಆ ಜಾತಿಯಲ್ಲಿ ಎಷ್ಟನೆಯದು ಅಂತ. ಸಾಟಾ ಡಿಸ್ಕಿನ ಮೊದಲ ಪಾರ್ಟಿಷನ್ ಆದರೆ (8,1). ಹೊಸ ಬಗೆಯ ಎನ್‌ವಿಎಂಇ ಡಿಸ್ಕಿನದಾದರೆ ಮೊದಲ ನಂಬರ್ 259. ಈ ಜಾಗದಲ್ಲಿ ಅಂಥ ಸರಿಯಾದ ನಂಬರ್ ಬಂದು ಪ್ಯಾನಿಕ್ ಆಗಿದ್ದರೆ, ಡಿಸ್ಕ್ ಸಿಕ್ಕಿದೆ, ಅದರೊಳಗಿನ ಫೈಲ್‌ಸಿಸ್ಟಮ್ ಓದಲು ಬರುತ್ತಿಲ್ಲ ಎಂದು ಅರ್ಥ. ಎರಡೂ ಸೊನ್ನೆ ಆಗಿದ್ದರೆ ರೂಟ್ ಇರಬೇಕಾದ ಡಿಸ್ಕೇ ಕಂಡಿಲ್ಲ.

ಅದರ ಮೇಲಿನ ಸಾಲನ್ನು ಇನ್ನೊಮ್ಮೆ ಫೋಟೋ ತೆಗೆಯಲು ಹೇಳಿದೆ. ಅಲ್ಲಿ ಕರ್ನಲ್, "ಸರಿಯಾದ ರೂಟ್ ಕೊಡಿ, ನನಗೆ ಕಾಣುತ್ತಿರುವ ಪಾರ್ಟಿಷನ್‌ಗಳು ಇವು" ಎನ್ನುವ ಅರ್ಥದ ಒಂದು ಸಾಲು ಬರೆದು ಪಟ್ಟಿ ಕೊಡುತ್ತದೆ.

"ಆ ಸಾಲಿನ ಕೆಳಗೆ ಏನಿದೆ ಓದೋ."

"ಏನೂ ಇಲ್ಲ ಅಣ್ಣಾ. ಡೈರೆಕ್ಟಾಗಿ ಪ್ಯಾನಿಕ್ ಅಂತ ಇದೆ."

ಪಟ್ಟಿ ಖಾಲಿ. ಒಂದೇ ಒಂದು ಡಿಸ್ಕೂ ಕಂಡಿಲ್ಲ. ಅಂದರೆ ಕಾರಣ ಎರಡರಲ್ಲಿ ಒಂದು: ಈ ಮೆಷಿನ್‌ನಲ್ಲಿರುವ ಎನ್‌ವಿಎಂಇ ಡಿಸ್ಕಿನ ಡ್ರೈವರ್ ಬಿಲ್ಡ್ ಆಗಿಲ್ಲ, ಇಲ್ಲವೇ ಬಿಲ್ಡ್ ಆಗಿದ್ದರೂ ಕರ್ನಲ್ಲಿನ ಕೈಗೆ ಸಿಕ್ಕಿಲ್ಲ. ಕಾನ್ಫಿಗ್ ಡೆಬಿಯನ್ನಿನದೇ ಆದ್ದರಿಂದ ಡ್ರೈವರ್ ಇದ್ದೇ ಇರುತ್ತದೆ, ಆದರೆ ಮಾಡ್ಯೂಲ್ ಆಗಿ, ಅಂದರೆ ಕರ್ನಲ್ಲಿನ ಹೊರಗೆ ಬೇರೆ ಫೈಲಾಗಿ. ಹಾಗಾದರೆ ಉಳಿದದ್ದು ಎರಡನೆಯ ಕಾರಣ.

ಇಲ್ಲಿ ಇನಿಟ್‌ಆರ್‌ಡಿ ಬಗ್ಗೆ ಸ್ವಲ್ಪ ಹೇಳಬೇಕು, ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ. ಡೆಬಿಯನ್ ಕರ್ನಲ್ ಎಲ್ಲ ಬಗೆಯ ಮೆಷಿನ್‌ಗಳಲ್ಲೂ ಓಡಬೇಕು. ಎಲ್ಲ ಡ್ರೈವರನ್ನೂ ಕರ್ನಲ್ಲಿನ ಹೊಟ್ಟೆಗೇ ತುಂಬಿದರೆ ಅದು ವಿಪರೀತ ದೊಡ್ಡದಾಗುತ್ತದೆ. ಅದಕ್ಕೆ ಡ್ರೈವರ್‌ಗಳನ್ನು ಮಾಡ್ಯೂಲ್‌ಗಳಾಗಿ ಡಿಸ್ಕಿನಲ್ಲಿ ಇಡುತ್ತಾರೆ. ಆದರೆ ಡಿಸ್ಕನ್ನು ಓದುವ ಡ್ರೈವರೇ ಡಿಸ್ಕಿನಲ್ಲಿದ್ದರೆ? ಕೀ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಅದಕ್ಕಾಗಿ ಬೇಕಾದ ಮಾಡ್ಯೂಲ್‌ಗಳನ್ನೆಲ್ಲ ಒಂದು ಗಂಟು ಕಟ್ಟಿ ಇನಿಟ್‌ಆರ್‌ಡಿ ಎನ್ನುವ ಫೈಲ್ ಮಾಡಿಡುತ್ತಾರೆ. ಬೂಟ್ ಆಗುವಾಗ ಕರ್ನಲ್ಲನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ ಗ್ರಬ್, ಕರ್ನಲ್ ಜೊತೆ ಈ ಗಂಟನ್ನೂ ಮೆಮೊರಿಗೆ ಹಾಕುತ್ತದೆ. ಕರ್ನಲ್ ಅದನ್ನು ಬಿಚ್ಚಿ ಡ್ರೈವರ್ ತೆಗೆದುಕೊಂಡು ನಿಜವಾದ ಡಿಸ್ಕಿಗೆ ಹೋಗುತ್ತದೆ. ಈ ಮೆಷಿನ್‌ನಲ್ಲಿ ರೂಟ್ ಇದ್ದದ್ದು ಎಲ್‌ವಿಎಂ ಮೇಲೆ, ಅಂದರೆ ಡಿಸ್ಕಿನ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆಯ ಮೇಲೆ. ಎಲ್‌ವಿಎಂ ವಾಲ್ಯೂಮ್ ಆನ್ ಮಾಡುವ ಟೂಲ್ ಕೂಡ ಆ ಗಂಟಿನಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ಇನಿಟ್‌ಆರ್‌ಡಿ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲು ಆಗದು.

ಗಂಟು ಸಿಕ್ಕಿ, ಅದರೊಳಗಿಂದ ರೂಟ್ ಮಾತ್ರ ಸಿಗದೇ ಹೋಗಿದ್ದರೆ ಪ್ಯಾನಿಕ್ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಕೊನೆಗೆ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಸಣ್ಣ ಶೆಲ್ ಕೊಟ್ಟು ಕೂರುತ್ತಿತ್ತು. ಸರಿಯಾದ ಸಹಿ ಇಲ್ಲದ ಕರ್ನಲ್ಲನ್ನು ತಡೆಯುವ ಸೆಕ್ಯೂರ್ ಬೂಟ್‌ನ ತಕರಾರು ಆಗಿದ್ದರೆ ಇಷ್ಟು ದೂರವೂ ಬರುತ್ತಿರಲಿಲ್ಲ, ಸಹಿ ಸರಿಯಿಲ್ಲ ಅಂತ ಗ್ರಬ್ ಅಲ್ಲೇ ನಿಲ್ಲಿಸುತ್ತಿತ್ತು. ಇಲ್ಲಿ ಗಂಟೇ ಬಂದಿಲ್ಲ. ಅಷ್ಟು ಫೋಟೋದಿಂದಲೇ ಗೊತ್ತಾಯಿತು.

"ಚಿಂತೆ ಬಿಡು," ಅಂದೆ. "ರೀಸ್ಟಾರ್ಟ್ ಮಾಡಿ ಗ್ರಬ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗು. ಹಳೇ 6.1 ಇರುತ್ತೆ. ಅದರಲ್ಲಿ ಬೂಟ್ ಮಾಡು."

ಎರಡು ನಿಮಿಷ ಬಿಟ್ಟು ಇನ್ನೊಂದು ಫೋಟೋ ಬಂತು. ಅದೇ ಪ್ಯಾನಿಕ್. ಅದೇ (0,0). ಮೇಲೆ ಆವೃತ್ತಿ ಮಾತ್ರ 6.1.

ಅಳಿಸಿದ ಫೈಲು

ಇದು ನಾನು ಎಣಿಸಿರಲಿಲ್ಲ. ನಿನ್ನೆವರೆಗೆ ಓಡುತ್ತಿದ್ದ ಕರ್ನಲ್ ಇವತ್ತು ಡಿಸ್ಕ್ ಕಾಣದೆ ಬಿದ್ದಿದೆ ಅಂದರೆ ಯಾರೋ ಏನೋ ಮುಟ್ಟಿದ್ದಾರೆ. ಬೈಯದೆ ಕೇಳಿದೆ, ಯಾಕೆಂದರೆ ಇಂಥ ಹೊತ್ತಿನಲ್ಲಿ ಬೈದರೆ ಜನ ವಿವರ ಮುಚ್ಚಿಡುತ್ತಾರೆ. ನಿಧಾನಕ್ಕೆ ಹೇಳಿದ.

ಹೊಸ ಕರ್ನಲ್ ಇನ್‌ಸ್ಟಾಲ್ ಮಾಡುವಾಗ ಕೊನೆಯಲ್ಲಿ ಒಂದು ಎರರ್ ಬಂದಿದೆ: ಡಿಸ್ಕಿನಲ್ಲಿ ಜಾಗ ಇಲ್ಲ. ರೂಟ್‌ನಲ್ಲಿ ಬೇಕಾದಷ್ಟು ಜಾಗ ಇತ್ತು. ತುಂಬಿದ್ದು ಕರ್ನಲ್, ಇನಿಟ್‌ಆರ್‌ಡಿ ಫೈಲ್‌ಗಳನ್ನು ಇಡುವ /ಬೂಟ್. ಆ ಮೆಷಿನ್‌ನಲ್ಲಿ /ಬೂಟ್ ಬೇರೆಯೇ ಪಾರ್ಟಿಷನ್, ಒಟ್ಟು ಸುಮಾರು 500 ಎಂಬಿ. ಎಲ್‌ವಿಎಂ ಹಾಕಿ ಇನ್‌ಸ್ಟಾಲ್ ಮಾಡುವಾಗ ಹೀಗೆ ಪ್ರತ್ಯೇಕ ಮಾಡುವುದು ವಾಡಿಕೆ. ಇವನು ಒಳಗೆ ನೋಡಿದ್ದಾನೆ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಫೈಲ್ ಯಾವುದು? ಹಳೆಯ 6.1ರ ಇನಿಟ್‌ಆರ್‌ಡಿ. ಕರ್ನಲ್ ಫೈಲ್ ಹಾಗೇ ಇದೆಯಲ್ಲ, ಇದೇನೋ ಹಳೆಯ ಇನ್‌ಸ್ಟಾಲ್ ಮಾಡುವಾಗ ಉಳಿದದ್ದು ಇರಬೇಕು ಅಂತ ಅದನ್ನು ಅಳಿಸಿದ್ದಾನೆ. ಮತ್ತೆ ಪ್ರಯತ್ನಿಸಿದ್ದಾನೆ. ಆಗಲೂ ಜಾಗ ಸಾಲಲಿಲ್ಲ. ಇನಿಟ್‌ಆರ್‌ಡಿ ಮಾಡುವ ಹಂತ ಸೋತರೆ ಅರ್ಧ ಬರೆದ ಫೈಲನ್ನು ಆ ಟೂಲೇ ಅಳಿಸಿಬಿಡುತ್ತದೆ, ಮುಂದಿನ ಹಂತಕ್ಕೂ ಹೋಗುವುದಿಲ್ಲ. ಗ್ರಬ್ ಮೆನುವಿನಲ್ಲಿ ಹೊಸ ಕರ್ನಲ್ ಬರಲಿಲ್ಲ ಅಂತ ಇವನೇ ಅಪ್‌ಡೇಟ್ ಗ್ರಬ್ ಕಮಾಂಡ್ ಓಡಿಸಿದ್ದಾನೆ. ಗ್ರಬ್ ಪಾಪ, ಇನಿಟ್‌ಆರ್‌ಡಿ ಇದ್ದರೆ ಆ ಸಾಲು ಬರೆಯುತ್ತದೆ, ಇಲ್ಲದಿದ್ದರೆ ಬಿಡುತ್ತದೆ, ತಕರಾರು ಮಾಡುವುದಿಲ್ಲ. ಎರಡು ಕರ್ನಲ್, ಎರಡಕ್ಕೂ ಗಂಟಿಲ್ಲ.

ಅವನನ್ನು ದೂರುವ ಮನಸ್ಸು ನನಗಿಲ್ಲ. ಆ ಎರರ್ ಮೆಸೇಜು ಜಾಗ ಇಲ್ಲ ಅಂತಷ್ಟೇ ಹೇಳುತ್ತದೆ. ಯಾವ ಫೈಲ್ ಮುಟ್ಟಿದರೆ ವಾಪಸ್ ಬರುವ ದಾರಿಯೇ ಮುಚ್ಚಿಹೋಗುತ್ತದೆ ಅಂತ ಎಲ್ಲೂ ಹೇಳುವುದಿಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದಕ್ಕಿರುವ ಏರ್ಪಾಡು ನೋಡಿದಾಗೆಲ್ಲ ನನಗೆ ಸಮಾಧಾನ ಆಗುತ್ತದೆ. ಅಲ್ಲಿ ಹೊಸ ಕರ್ನಲ್ ಹಾಕಿದರೆ ಓಡುತ್ತಿರುವ ಕರ್ನಲ್ಲಿನ ಇಡೀ ಫೋಲ್ಡರ್, ಮಾಡ್ಯೂಲ್‌ಗಳ ಸಮೇತ, ಕರ್ನಲ್ ಡಾಟ್ ಓಲ್ಡ್ ಎಂಬ ಹೆಸರಿನಲ್ಲಿ ಪಕ್ಕಕ್ಕೆ ಸರಿಯುತ್ತದೆ. ಹೊಸದು ಕೈಕೊಟ್ಟರೆ ಲೋಡರ್‌ನಲ್ಲಿ ಆ ಹೆಸರು ಹೇಳಿದರೆ ಆಯಿತು. ಹಳೆಯದರ ಒಂದು ತುಂಡನ್ನಷ್ಟೇ ಕಳೆದುಕೊಳ್ಳುವ ಸಂದರ್ಭ ಅಲ್ಲಿ ಕಮ್ಮಿ.

ಪೆನ್‌ಡ್ರೈವ್‌ನಿಂದ ಒಳಗೆ

ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ. ಬ್ಯಾಗಿನಲ್ಲಿ ಒಂದು ಡೆಬಿಯನ್ ಲೈವ್ ಪೆನ್‌ಡ್ರೈವ್, ಅಂದರೆ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಆಗುವಂಥದ್ದು. ಡೆಬಿಯನ್ ಇನ್‌ಸ್ಟಾಲರ್‌ನಲ್ಲೇ ರೆಸ್ಕ್ಯೂ ಮೋಡ್ ಅಂತ ಒಂದಿದೆ, ಅದೂ ಇದೇ ಕೆಲಸ ಮಾಡುತ್ತದೆ. ಆದರೆ ಕೈಯಾರೆ ಮಾಡಿದರೆ ತಮ್ಮನಿಗೆ ಏನು ನಡೆಯುತ್ತಿದೆ ಅಂತ ಕಾಣುತ್ತದೆ. ಅದಕ್ಕೆ ಅವನನ್ನೇ ಕೀಬೋರ್ಡ್ ಮುಂದೆ ಕೂರಿಸಿದೆ.

ಲೈವ್ ಸಿಸ್ಟಮ್ ಏಳುತ್ತಿದ್ದಂತೆ ಮೊದಲು ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್. ಡಿಸ್ಕ್ ಕಂಡಿತು. ಪಾರ್ಟಿಷನ್ ಮೂರು: ಬೂಟ್ ಶುರುವಾಗುವ ಸಣ್ಣ ಇಎಫ್‌ಐ, ಅದಾದ ಮೇಲೆ /ಬೂಟ್, ಉಳಿದದ್ದೆಲ್ಲ ಎಲ್‌ವಿಎಂ. ಡಿಸ್ಕ್ ಗಟ್ಟಿಯಾಗಿದೆ ಅಂತ ಅಲ್ಲೇ ಧೈರ್ಯ ಬಂತು. ವಿಜಿಚೇಂಜ್ ಕೊಟ್ಟು ವಾಲ್ಯೂಮ್ ಆನ್ ಮಾಡಿದ. ರೂಟ್ ವಾಲ್ಯೂಮನ್ನು /ಎಂಎನ್‌ಟಿ ಮೇಲೆ ಮೌಂಟ್ ಮಾಡಿದ. ಒಳಗೆ ಎಟ್ಸಿ, ಹೋಮ್, ಯುಎಸ್‌ಆರ್ ಎಲ್ಲ ಕ್ಷೇಮ.

ಮುಂದೆ ನೇರ ಸಿಎಚ್‌ರೂಟ್, ಅಂದರೆ ಆ ಮೌಂಟ್ ಮಾಡಿದ ಸಿಸ್ಟಮ್ಮಿನೊಳಗೆ ಹೊಕ್ಕುವ ಕಮಾಂಡ್, ಟೈಪ್ ಮಾಡಲು ಹೊರಟ. ಕೈ ಹಿಡಿದು ನಿಲ್ಲಿಸಿದೆ.

"/ಬೂಟ್ ಎಲ್ಲಿ?"

"ಒಳಗೇ ಇದೆಯಲ್ಲ ಅಣ್ಣಾ, ನೋಡಿ." ಫೋಲ್ಡರ್ ತೋರಿಸಿದ. ಖಾಲಿ ಫೋಲ್ಡರ್.

ತುಂಬಾ ಜನ ಮುಗ್ಗರಿಸುವ ಜಾಗ ಇದು. /ಬೂಟ್ ಬೇರೆ ಪಾರ್ಟಿಷನ್ ಆಗಿದ್ದಾಗ ರೂಟ್ ಒಳಗೆ ಕಾಣುವ ಬೂಟ್ ಫೋಲ್ಡರ್ ಬರೀ ಗೂಟ ಇದ್ದ ಹಾಗೆ, ಪಾರ್ಟಿಷನ್ನನ್ನು ಅದಕ್ಕೆ ಕಟ್ಟಬೇಕು. ಕಟ್ಟದೆ ಇನಿಟ್‌ಆರ್‌ಡಿ ಮಾಡಿದರೆ ಯಾವ ಎರರೂ ಬರುವುದಿಲ್ಲ. ಫೈಲ್ ಚೆನ್ನಾಗಿಯೇ ತಯಾರಾಗುತ್ತದೆ, ಆದರೆ ಆ ಖಾಲಿ ಫೋಲ್ಡರಿನೊಳಗೆ. ರೀಬೂಟ್ ಮಾಡಿದಾಗ ಗ್ರಬ್ ನೋಡುವುದು ಪಾರ್ಟಿಷನ್ನಿನೊಳಗೆ. ಅಲ್ಲಿ ಏನೂ ಇರುವುದಿಲ್ಲ. ಮತ್ತೆ ಅದೇ ಪ್ಯಾನಿಕ್. ಎಲ್ಲಾ ಸರಿ ಮಾಡಿದೆನಲ್ಲ ಅಂತ ತಲೆ ಕೆಡಿಸಿಕೊಂಡು ಅರ್ಧ ದಿನ ಹೋಗುತ್ತದೆ.

ಎರಡನೇ ಪಾರ್ಟಿಷನ್ನನ್ನು ಬೂಟ್ ಫೋಲ್ಡರಿಗೆ ಕಟ್ಟಿದ, ಇಎಫ್‌ಐ ಪಾರ್ಟಿಷನ್ನನ್ನು ಅದರೊಳಗೆ. ಆಮೇಲೆ ಡೆವ್, ಪ್ರಾಕ್, ಸಿಸ್, ರನ್ ಫೋಲ್ಡರ್ ನಾಲ್ಕನ್ನೂ ಬೈಂಡ್ ಮೌಂಟ್, ಅಂದರೆ ಲೈವ್ ಸಿಸ್ಟಮ್ಮಿನವೇ ಒಳಗೂ ಕಾಣುವ ಹಾಗೆ. ಇವು ಇಲ್ಲದಿದ್ದರೆ ಒಳಗಿನ ಟೂಲ್‌ಗಳಿಗೆ ಯಾವ ಡಿಸ್ಕಿನ ಮೇಲೆ ಕೂತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ಈಗ ಸಿಎಚ್‌ರೂಟ್. ಪ್ರಾಂಪ್ಟ್ ಬದಲಾಯಿತು. ಪೆನ್‌ಡ್ರೈವಿನ ಕರ್ನಲ್ ಮೇಲೆ ನಿಂತು ಲ್ಯಾಬಿನ ಡೆಬಿಯನ್ ಒಳಗೆ ಕೆಲಸ ಮಾಡುತ್ತಿದ್ದೆವು.

ಇಲ್ಲಿ ಇನ್ನೊಂದು ಎಚ್ಚರ. ಸಿಎಚ್‌ರೂಟ್ ಒಳಗಿದ್ದರೂ, ಓಡುತ್ತಿರುವ ಕರ್ನಲ್ ಯಾವುದು ಅಂತ ಹೇಳುವ ಯುನೇಮ್ ಕಮಾಂಡ್ ಕೇಳಿದರೆ ಪೆನ್‌ಡ್ರೈವಿನ ಆವೃತ್ತಿಯನ್ನೇ ಹೇಳುತ್ತದೆ. ನಮಗೆ ಬೇಕಾದದ್ದು ಲ್ಯಾಬಿನ 6.1. ಅದಕ್ಕೆ ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರಿಗೆ ಹೋಗಿ ಅಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಬರೆದುಕೊಂಡ. ಅಪ್‌ಡೇಟ್ ಇನಿಟ್‌ರ್ಯಾಮ್‌ಎಫ್‌ಎಸ್ ಕಮಾಂಡಿಗೆ ಹೊಸದಾಗಿ ಮಾಡು ಅನ್ನುವ ಮೈನಸ್ ಸಿ, ಈ ಆವೃತ್ತಿಗೆ ಮಾಡು ಅನ್ನುವ ಮೈನಸ್ ಕೆ ಕೊಟ್ಟು ಎಂಟರ್ ಒತ್ತಿದ. ಅರ್ಧ ನಿಮಿಷ ಕರ್ಸರ್ ಮಿನುಗುತ್ತಾ ಕೂತಿತ್ತು. /ಬೂಟ್ ಪಟ್ಟಿ ಮಾಡಿದಾಗ ಅಳಿಸಿದ ಹೆಸರಿನ ಫೈಲ್ ವಾಪಸ್ ಬಂದಿತ್ತು. ಹೊಸ 6.12ರ ಕರ್ನಲ್ ಫೈಲನ್ನು ಸದ್ಯಕ್ಕೆ ಅಲ್ಲಿಂದ ತೆಗೆದು, ಅಪ್‌ಡೇಟ್ ಗ್ರಬ್ ಓಡಿಸಿದೆವು. ಈ ಸಲ 6.1ರ ಸಾಲಿನ ಕೆಳಗೆ ಇನಿಟ್‌ಆರ್‌ಡಿ ಸಿಕ್ಕಿತು ಅನ್ನುವ ಸಾಲೂ ಬಂತು. ಆ ಎರಡನೇ ಸಾಲನ್ನು ನೋಡಿಯೇ ರೀಬೂಟ್ ಮಾಡಬೇಕು ಅಂತ ಅವನ ನೋಟ್‌ಬುಕ್ಕಿನಲ್ಲಿ ಬರೆಸಿದೆ.

ಪೆನ್‌ಡ್ರೈವ್ ಕಿತ್ತು ಸ್ಟಾರ್ಟ್ ಮಾಡಿದೆವು. ಲಾಗಿನ್ ಸ್ಕ್ರೀನ್ ಬಂತು. ಹೊರಗೆ ಹೋಗಿ ಟೀ ಕುಡಿದೆವು.

ಗಂಟು ಅಷ್ಟು ದೊಡ್ಡದಾದದ್ದು ಯಾಕೆ

ಮೆಷಿನ್ ಎದ್ದಿತು, ಪ್ರಾಕ್ಟಿಕಲ್‌ಗೆ ಹಳೆಯ ಕರ್ನಲ್ಲೇ ಸಾಕು ಅಂತ ಅಲ್ಲಿಗೇ ಬಿಡಬಹುದಿತ್ತು. ನನಗೆ ಮನಸ್ಸು ಒಪ್ಪಲಿಲ್ಲ. ಸಾಮಾನ್ಯವಾಗಿ ಕೆಲವೇ ಹತ್ತು ಎಂಬಿ ಇರುವ ಗಂಟು /ಬೂಟ್ ತುಂಬುವಷ್ಟು ಆದದ್ದು ಹೇಗೆ?

6.12ರ ಮಾಡ್ಯೂಲ್ ಫೋಲ್ಡರ್ ಇನ್ನೂ ಇತ್ತು. ಎಂಕೆಇನಿಟ್‌ರ್ಯಾಮ್‌ಎಫ್‌ಎಸ್ ಕಮಾಂಡಿನಿಂದ ಗಂಟನ್ನು /ಬೂಟ್ ಬದಲು ಟೆಂಪ್ ಫೋಲ್ಡರಿನಲ್ಲಿ ಕಟ್ಟಿಸಿದೆವು. ಫೈಲ್ 500 ಎಂಬಿ ದಾಟಿತ್ತು. ಇಡೀ ಪಾರ್ಟಿಷನ್ ಖಾಲಿ ಮಾಡಿದ್ದರೂ ಹಿಡಿಯುತ್ತಿರಲಿಲ್ಲ. ಅಂದರೆ ಹಳೆಯ ಇನಿಟ್‌ಆರ್‌ಡಿ ಅಳಿಸಿದ್ದರಿಂದ ಮೊದಲಿಂದಲೂ ಏನೂ ಉಪಯೋಗ ಇರಲಿಲ್ಲ.

ಕಾರಣ ಆ ಕಾಪಿ ಮಾಡಿದ ಕಾನ್ಫಿಗ್. ಡೆಬಿಯನ್ ತನ್ನ ಕರ್ನಲನ್ನು ತಪ್ಪು ಹುಡುಕಲು ಬೇಕಾಗುವ ಡೀಬಗ್ ಮಾಹಿತಿ ಸಮೇತ ಬಿಲ್ಡ್ ಮಾಡುತ್ತದೆ. ಆಮೇಲೆ ಪ್ಯಾಕೇಜ್ ಮಾಡುವಾಗ ಆ ಮಾಹಿತಿಯನ್ನು ಬೇರ್ಪಡಿಸಿ ಇನ್ನೊಂದು ಪ್ಯಾಕೇಜಿಗೆ ಹಾಕುತ್ತದೆ. ನಮಗೆ ಸಿಗುವ ಮಾಡ್ಯೂಲ್ ಸಣ್ಣದಾಗಿರುತ್ತದೆ. ನಾವು ಅದೇ ಕಾನ್ಫಿಗ್ ತಗೊಂಡು ಕೈಯಾರೆ ಇನ್‌ಸ್ಟಾಲ್ ಮಾಡಿದರೆ ಬೇರ್ಪಡಿಸುವವರು ಯಾರೂ ಇಲ್ಲ. ಪ್ರತಿ ಮಾಡ್ಯೂಲೂ ಡೀಬಗ್ ಮಾಹಿತಿಯನ್ನು ಹೊತ್ತುಕೊಂಡೇ ಗಂಟಿನೊಳಗೆ ಹೋಗುತ್ತದೆ.

ಪರಿಹಾರಕ್ಕೆ ಮತ್ತೆ ಬಿಲ್ಡ್ ಮಾಡುವ ಅಗತ್ಯವೇ ಇರಲಿಲ್ಲ. ಮಾಡ್ಯೂಲ್ ಇನ್‌ಸ್ಟಾಲ್ ಮಾಡುವ ಮೇಕ್ ಕಮಾಂಡಿಗೆ ಇನ್‌ಸ್ಟಾಲ್ ಮಾಡ್ ಸ್ಟ್ರಿಪ್ ಎಂಬ ಸೆಟ್ಟಿಂಗನ್ನು 1 ಅಂತ ಕೊಟ್ಟರೆ ಇನ್‌ಸ್ಟಾಲ್ ಆಗುವಾಗಲೇ ಡೀಬಗ್ ಮಾಹಿತಿ ಉದುರಿಹೋಗುತ್ತದೆ. ಹಾಗೆ ಮಾಡಿ ಟೆಂಪ್‌ನಲ್ಲಿ ಇನ್ನೊಮ್ಮೆ ಗಂಟು ಕಟ್ಟಿಸಿ ಅಳತೆ ನೋಡಿದೆವು. ಹಳೆಯದರ ಪಕ್ಕ ಆರಾಮವಾಗಿ ಕೂರುವಷ್ಟಿತ್ತು. ಆಮೇಲೆಯೇ /ಬೂಟ್‌ಗೆ ಇನ್‌ಸ್ಟಾಲ್ ಮಾಡಿದ್ದು.

ಎರಡನೇ ಸಲ

ಈ ಸಲ ಹೊಸದು ಬಿದ್ದರೂ ಮೆಷಿನ್ ತಾನಾಗಿಯೇ ಹಳೆಯದಕ್ಕೆ ವಾಪಸ್ ಬರಬೇಕು ಅಂತ ತೀರ್ಮಾನಿಸಿದ್ದೆವು. ಗ್ರಬ್ ಮಾಮೂಲಿಯಾಗಿ ಎಲ್ಲಕ್ಕಿಂತ ಹೊಸ ಆವೃತ್ತಿಯನ್ನು ಮೊದಲು ಇಡುತ್ತದೆ, ಅದನ್ನೇ ಬೂಟ್ ಮಾಡುತ್ತದೆ. ಅದನ್ನು ತಪ್ಪಿಸಲು ಗ್ರಬ್ ಸೆಟ್ಟಿಂಗ್ ಫೈಲಿನಲ್ಲಿ ಡಿಫಾಲ್ಟನ್ನು ಸೇವ್ಡ್ ಅಂತ ಬದಲಿಸಿ, ಗ್ರಬ್ ಸೆಟ್ ಡಿಫಾಲ್ಟ್ ಕಮಾಂಡಿನಿಂದ 6.1ನ್ನು ಕಾಯಂ ಮಾಡಿದೆವು. ಹೊಸದನ್ನು ಗ್ರಬ್ ರೀಬೂಟ್ ಕಮಾಂಡಿನಿಂದ ಒಂದೇ ಒಂದು ಸಲಕ್ಕೆ ಆರಿಸಿದೆವು. ಕರ್ನಲ್‌ಗೆ ಕೊಡುವ ಸಾಲಿನಲ್ಲಿ ಪ್ಯಾನಿಕ್ ಈಕ್ವಲ್ಸ್ 10 ಅಂತ ಸೇರಿಸಿದೆವು. ಹೀಗಿದ್ದರೆ ಪ್ಯಾನಿಕ್ ಆದ 10 ಸೆಕೆಂಡಿಗೆ ಮೆಷಿನ್ ರೀಸ್ಟಾರ್ಟ್ ಆಗುತ್ತದೆ. ಆ ಒಂದು ಸಲದ ಆಯ್ಕೆ ಅಷ್ಟರಲ್ಲಿ ಮುಗಿದಿರುತ್ತದೆ, ಹಳೆಯದು ಏಳುತ್ತದೆ.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಆ ಆಯ್ಕೆ ಮುಗಿಯಿತು ಅಂತ ಗ್ರಬ್ ಒಂದು ಸಣ್ಣ ಫೈಲಿನಲ್ಲಿ ಬರೆದುಕೊಳ್ಳಬೇಕು. ಆ ಫೈಲ್ ಎಲ್‌ವಿಎಂ ಮೇಲಿದ್ದರೆ ಗ್ರಬ್‌ಗೆ ಬರೆಯಲು ಬರುವುದಿಲ್ಲ. ಬರೆಯಲು ಆಗದಿದ್ದರೆ ಪ್ರತಿ ಸಲವೂ ಅದೇ ಕೆಟ್ಟ ಕರ್ನಲ್ ಏಳುತ್ತಾ, ಬೀಳುತ್ತಾ ಇರುತ್ತದೆ. ಇಲ್ಲಿ /ಬೂಟ್ ಎಲ್‌ವಿಎಂ ಹೊರಗೆ ಪ್ರತ್ಯೇಕ ಪಾರ್ಟಿಷನ್ ಆಗಿತ್ತು. ಹಿಂದಿನ ದಿನ ಜಾಗ ಸಾಲದೆ ಕಾಡಿದ ಅದೇ ಸಣ್ಣ ಪಾರ್ಟಿಷನ್ ಈಗ ನಮ್ಮನ್ನು ಕಾಯುವ ಕೆಲಸಕ್ಕೆ ಬಂತು.

"ಇದು ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಹೇಗೆ ಗೊತ್ತಾಗೋದು ಅಣ್ಣಾ?"

"ಬೀಳಿಸಿ ನೋಡೋಣ."

ರೀಬೂಟ್ ಮಾಡಿದ. ಗ್ರಬ್ ಮೆನು ಬಂದಾಗ ಹೊಸ ಕರ್ನಲ್ ಮೇಲೆ ಇ ಒತ್ತಿ, ಇನಿಟ್‌ಆರ್‌ಡಿ ಇರುವ ಸಾಲನ್ನು ಅಳಿಸಿದ. ಇಲ್ಲಿ ಅಳಿಸಿದ್ದು ಆ ಒಂದು ಬೂಟ್‌ಗೆ ಮಾತ್ರ, ಫೈಲಿಗೆ ಏನೂ ಆಗುವುದಿಲ್ಲ. ಎಫ್10 ಒತ್ತಿದ. ಶುಕ್ರವಾರದ ಸ್ಕ್ರೀನ್ ಹಾಗೇ ಬಂತು: ಖಾಲಿ ಪಟ್ಟಿ, (0,0), ಪ್ಯಾನಿಕ್. ಅವನು ಜೋರಾಗಿ ಒಂದರಿಂದ ಎಣಿಸತೊಡಗಿದ. ಹತ್ತಕ್ಕೆ ಸ್ಕ್ರೀನ್ ಕಪ್ಪಾಯಿತು. ಮತ್ತೆ ಮೆನು ಬಂದಾಗ ಆರಿಸಿಕೊಂಡಿದ್ದದ್ದು 6.1. ನಾವು ಕೀಬೋರ್ಡ್ ಮುಟ್ಟಲಿಲ್ಲ. ಲಾಗಿನ್ ಸ್ಕ್ರೀನ್ ತಾನಾಗಿ ಬಂತು.

ಆಮೇಲೆ ಇನ್ನೊಂದು ಸಲ ಗ್ರಬ್ ರೀಬೂಟ್, ಈ ಸಲ ಏನೂ ಅಳಿಸದೆ. ಹೊಸ ಕರ್ನಲ್ ಎದ್ದಿತು. ಯುನೇಮ್ ಕೇಳಿದಾಗ 6.12ರ ಮುಂದೆ ಪ್ರಿಎಂಪ್ಟ್ ಆರ್‌ಟಿ ಅಂತ ಬಂತು. ಮೋಟರ್‌ಗೆ ಪವರ್ ಕೊಟ್ಟು, ಜೊತೆಗೆ ಬೇಕೆಂದೇ ಡಿಸ್ಕಿಗೆ ದೊಡ್ಡ ಫೈಲ್ ಕಾಪಿ ಹಚ್ಚಿದ. ಮೋಟರ್ ಒಂದೇ ಸಮನೆ ತಿರುಗಿತು. ಅವನು ಅದರ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಹಾಗೇ ನಿಂತಿದ್ದ.

6.1ನ್ನು ಡಿಫಾಲ್ಟ್ ಆಗಿಯೇ ಬಿಟ್ಟು ಬಂದೆ. ಸೋಮವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಅವನು ಮಕ್ಕಳ ಮುಂದೆ ಆ ಸಾಲನ್ನು ಅಳಿಸಿ ಪ್ಯಾನಿಕ್ ತೋರಿಸಿದನಂತೆ. ಎಲ್ಲರೂ ಸೇರಿ ಹತ್ತರವರೆಗೆ ಎಣಿಸಿದರಂತೆ.